ಹುಳದ ಕೋಣೆಯ ಬೀಗದ ಕೈ

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಕೋಣೆ ಇದ್ದದ್ದು ಹುಳಗಳಿಗೆ. ನಾವೆಲ್ಲ ನಡುಮನೆಯಲ್ಲಿ ಚಾಪೆ ಹಾಸಿ ಒಬ್ಬರ ಕಾಲು ಒಬ್ಬರಿಗೆ ತಗುಲುವಂತೆ ಮಲಗುತ್ತಿದ್ದೆವು. ಅಡುಗೆಮನೆಯ ಹೊಗೆ ಹೋಗಲು ಸೂರಿನಲ್ಲಿ ಒಂದು ಗವಾಕ್ಷಿ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ರೇಷ್ಮೆ ಹುಳಗಳಿಗೆ ಮಾತ್ರ ಎದುರುಬದುರು ಕಿಟಕಿ, ವಾರಕ್ಕೊಮ್ಮೆ ಸಗಣಿ ಸಾರಿಸಿದ ನೆಲ, ಬಾಗಿಲಿಗೆ ಹಿತ್ತಾಳೆಯ ಬೀಗ. ಒಳಗೆ ಬಿದಿರಿನ ತಟ್ಟೆಗಳು ಒಂದರ ಮೇಲೊಂದು ಅಟ್ಟಣೆಯಲ್ಲಿ ಕೂತಿರುತ್ತಿದ್ದವು. ಇರುವೆ ಹತ್ತದಂತೆ ಅಟ್ಟಣೆಯ ನಾಲ್ಕು ಕಾಲನ್ನೂ ನೀರು ತುಂಬಿದ ಕಲ್ಲಿನ ಬಟ್ಟಲಲ್ಲಿ ಇಟ್ಟಿದ್ದರು. ಹುಳ ಬೆಳೆಯುತ್ತಿರುವಾಗ ಮನೆಯಲ್ಲಿ ಒಗ್ಗರಣೆ ಹಾಕುವಂತಿರಲಿಲ್ಲ, ಅಪ್ಪ ಬೀಡಿ ಸೇದಬೇಕಾದರೆ ಬೀದಿಗೆ ಹೋಗಬೇಕಿತ್ತು, ನೆಂಟರು ಬಂದರೆ ಕಾಲು ತೊಳೆದ ಮೇಲೂ ಆ ಕಡೆ ಇಣುಕುವಂತಿರಲಿಲ್ಲ. ಅಪ್ಪನಿಗೆ ಜ್ವರ ಬಂದಾಗ ಬಿಡದ ಒಗ್ಗರಣೆಯನ್ನು ನಾವು ಹುಳಗಳಿಗೆ ಜ್ವರ ಬಂದಾಗ ಬಿಡುತ್ತಿದ್ದೆವು. ಹುಳ ಪೊರೆ ಬಿಡಲು ಮೇವು ಬಿಟ್ಟು ತಲೆಯೆತ್ತಿ ಸುಮ್ಮನಾಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಅಂಥ ನಾಲ್ಕು ಜ್ವರ ದಾಟಿದ ಮೇಲೆಯೇ ಅದು ಗೂಡು ಕಟ್ಟುವುದು.

ಆ ಬೀಗದ ಕೈ ಅವ್ವನ ಸೊಂಟದಲ್ಲಿ ಇರುತ್ತಿತ್ತು. ಮುಟ್ಟಾದ ಹೆಂಗಸು ಹುಳದ ಕೋಣೆಗೆ ಕಾಲಿಟ್ಟರೆ ಬೆಳೆ ಹೋಗುತ್ತದೆ ಎಂಬುದು ಊರಿಗೇ ಗೊತ್ತಿದ್ದ ಸಂಗತಿ. ವಿಚಿತ್ರವೆಂದರೆ ನಾವು ಲಿಂಗ ಕಟ್ಟಿಕೊಂಡವರು. ಕಟ್ಟಿಕೊಂಡವರಿಗೆ ಮೈಲಿಗೆಯಿಲ್ಲ ಎಂದು ಅಜ್ಜಿಯೇ ಹೇಳುತ್ತಿದ್ದಳು, ಆ ಮೂರು ದಿನವೂ ಅವ್ವ ಪೂಜೆ ಮಾಡುತ್ತಿದ್ದಳು, ಅಡುಗೆಯನ್ನಂತೂ ಮಾಡಲೇಬೇಕಿತ್ತು. ದೇವರಿಗೆ ಇಲ್ಲದ ಅಭ್ಯಂತರ ಹುಳಕ್ಕಿತ್ತು. ಹಾಗಾಗಿ ತಿಂಗಳಿಗೆ ಮೂರು ದಿನ ಬೀಗದ ಕೈ ಅವ್ವನ ಸೊಂಟದಿಂದ ನನ್ನ ಲಂಗದ ಲಾಡಿಗೆ ಬರುತ್ತಿತ್ತು, ನಾನು ಸ್ಕೂಲಿಗೆ ಚಕ್ಕರ್ ಹೊಡೆದು ಸೊಪ್ಪು ಹಾಕುತ್ತಿದ್ದೆ. ಉಳಿದ ದಿನ ಸ್ಕೂಲಿನಿಂದ ಬಂದು ಅವ್ವನ ಜೊತೆ ಒಳಗೆ ತಟ್ಟೆ ಬದಲಿಸುತ್ತಿದ್ದೆ. ಅಜ್ಜಿಗೆ ಕಣ್ಣು ಮಂಜು, ಮನೆಯಲ್ಲಿ ಬೇರೆ ಹೆಣ್ಣುಮಕ್ಕಳಿರಲಿಲ್ಲ. ನನ್ನ ಲಾಡಿಯಲ್ಲಿ ಬೀಗದ ಕೈ ಕಂಡರೆ ಅವ್ವನ ವಿಷಯ ಮನೆಗೆಲ್ಲ, ಕೆಲವೊಮ್ಮೆ ಬೀದಿಗೂ ಗೊತ್ತಾಗುತ್ತಿತ್ತು. ಇದರಲ್ಲಿ ನಾಚಿಕೆ ಪಡುವಂಥದ್ದು ಏನಾದರೂ ಇದೆ ಎಂದು ಯಾರಿಗೂ ಅನ್ನಿಸಿರಲಿಲ್ಲ, ಅವ್ವನನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಅವ್ವ ಅಜ್ಜೀಪುರದ ಕಡೆಯವಳು. ಅದು ಮಳೆ ನಂಬಿದ ಹೊಲಗಳ ಸೀಮೆ. ಅಲ್ಲಿ ಹೆಂಗಸರು ಕುಂಟೆಯ ಹಿಂದೆ ಹೋಗುತ್ತಾರೆ, ಕಳೆ ಕೀಳುತ್ತಾರೆ, ತಲೆಯ ಮೇಲೆ ಹೊರೆ ಹೊತ್ತು ಮೈಲಿಗಟ್ಟಲೆ ಮಾತಾಡಿಕೊಂಡು ನಡೆಯುತ್ತಾರೆ. ಕೊಳ್ಳೇಗಾಲದಿಂದ ಯಳಂದೂರಿಗೆ ಹೋಗುವ ದಾರಿಯಲ್ಲಿ ಎರಡು ಮೈಲಿ ದೂರದ ನಮ್ಮೂರಿಗೆ ಸೊಸೆಯಾಗಿ ಬಂದಾಗಲೂ ಅವಳು ಹಾಗೆಯೇ ಇದ್ದಳು. ನನ್ನ ಮೊದಲ ನೆನಪುಗಳಲ್ಲಿ ಅವ್ವ ಮನೆಯೊಳಗಿಲ್ಲ. ಹಿಪ್ಪುನೇರಳೆ ಸಾಲಿನ ನಡುವೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಕೂಲಿಗೆ ಬರುತ್ತಿದ್ದ ಮಾದಮ್ಮನ ಜೊತೆ ಪಂದ್ಯ ಕಟ್ಟಿದವಳಂತೆ ಸೊಪ್ಪು ಕೊಯ್ಯುತ್ತಿದ್ದಾಳೆ. ಮಾದಮ್ಮ ಏನೋ ಪೋಲಿ ಮಾತಾಡುತ್ತಾಳೆ, ಅವ್ವ ಬುಟ್ಟಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಅವಳು ಸೊಪ್ಪನ್ನು ಕಣ್ಣಿನಿಂದ ನೋಡಿ ಕೊಯ್ಯುತ್ತಿರಲಿಲ್ಲ, ಹೆಬ್ಬೆರಳಿನಿಂದ ಒತ್ತಿ ನೋಡಿ ಕೊಯ್ಯುತ್ತಿದ್ದಳು. ಎಳೆಯದು ಯಾವುದು, ಬಲಿತದ್ದು ಯಾವುದು, ಯಾವ ಜ್ವರ ಎದ್ದ ಹುಳಕ್ಕೆ ಯಾವುದು ಎಂದು ಆ ಹೆಬ್ಬೆರಳಿಗೇ ಗೊತ್ತಿತ್ತು.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ನಮಗೆ ಒಳ್ಳೆಯ ಕಾಲ ಬಂತು. ಸಾಲುಸಾಲಾಗಿ ಬೆಳೆಗಳು ಕೈಗೆ ಹತ್ತಿದವು. ಅಪ್ಪ ನಾಡಹೆಂಚು ತೆಗೆಸಿ ಮಂಗಳೂರು ಹೆಂಚು ಹಾಕಿಸಿದ, ಕಾಲುವೆಯ ಪಕ್ಕದ ತಗ್ಗಿನಲ್ಲಿ ಹೊಸದಾಗಿ ಜಮೀನು ತೆಗೆದುಕೊಂಡು ಅದಕ್ಕೂ ಹಿಪ್ಪುನೇರಳೆ ಹಾಕಿದ. ಕ್ರಯಪತ್ರ ಆದ ದಿನ ಅವನು ಪೇಟೆಯಿಂದ ಅವ್ವನಿಗೆ ಅಂಚಿನ ಸೀರೆ ತಂದ. ಊಟಕ್ಕೆ ಕೂತು, ಮುದ್ದೆ ಮುರಿಯುತ್ತ ಹೇಳಿದ:

"ಇನ್ಮೇಲೆ ನೀನು ಒಲಕ್ಕೆ ಬರ್ಬೇಡ. ಆಳ್ಗೊಳವ್ರೆ, ಮಾಡ್ತರೆ. ಮನೇಲಿ ನೆಳ್ಳಲ್ಲಿರು."

"ನಂಗೇನಾಗದೆ? ಕೈಕಾಲು ನೆಟ್ಗವೆ" ಎಂದಳು ಅವ್ವ.

ಅಜ್ಜಿ ಒಲೆಯ ಪಕ್ಕದಿಂದ, "ಬಿಸ್ಲಲ್ಲಿ ನಿಂತ್ಕಂಡು ಮಾದಿ ಜೊತೆ ಕಿಸಿಯೋದು ಸಾಕು ಕಣಮ್ಮಿ. ಎಂಚಿನ್ ಮನೆ ಸೊಸೆ ನೀನು" ಎಂದಳು.

ಅಪ್ಪನಿಗೆ ಅದು ಅವ್ವನಿಗೆ ಕೊಟ್ಟ ಉಡುಗೊರೆ. ಅವನ ಮುಖದಲ್ಲಿ ಅಂದು ಇದ್ದ ಸಂತೋಷದಲ್ಲಿ ಕಪಟವಿರಲಿಲ್ಲ. ತನ್ನ ತಾಯಿ ಕಂಡವರ ಗದ್ದೆಯಲ್ಲಿ ನಾಟಿ ಹಾಕಿದ್ದನ್ನು ನೋಡಿ ಬೆಳೆದವನು ಅವನು. ಹೆಂಡತಿಯನ್ನು ನೆರಳಿನಲ್ಲಿ ಕೂರಿಸುವಷ್ಟು ಆದೆನಲ್ಲ ಎಂಬುದು ಅವನ ಪಾಲಿಗೆ ಮಂಗಳೂರು ಹೆಂಚಿಗಿಂತ ದೊಡ್ಡ ಗೆಲುವಾಗಿತ್ತು. ಊರಿನಲ್ಲಿ ಬಡವರ ಮನೆಯ ಹೆಂಗಸರೆಲ್ಲ ಕೆಲಸಕ್ಕೆ ಹೋಗುತ್ತಿದ್ದರು, ನಾಲ್ಕು ಕಾಸು ಕಂಡ ಮನೆಯವರು ಒಬ್ಬೊಬ್ಬರಾಗಿ ಒಳಗೆ ಸೇರುತ್ತಿದ್ದರು. ಯಾರ ಮನೆಯ ಹೆಂಗಸು ಬೀದಿಗೆ ಕಾಣುವುದು ನಿಂತಿತು ಎಂದು ನೋಡಿದರೆ ಯಾರು ಮೇಲೆ ಬಂದರು ಎಂದು ತಿಳಿಯುತ್ತಿತ್ತು. ಅವ್ವ ಸೀರೆಯನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟಳು. ಮಾರನೆಯ ದಿನ ಮಾದಮ್ಮ ಒಬ್ಬಳೇ ಬುಟ್ಟಿ ಹೊತ್ತು ಹೋಗುವುದನ್ನು ಹೊಸ್ತಿಲ ಒಳಗೆ ನಿಂತು ನೋಡಿದಳು. ಅವಳು ಅಳಲಿಲ್ಲ. ಹೊಟ್ಟೆ ಹಿಡಿದುಕೊಂಡು ನಗುವುದು ಮಾತ್ರ ಆಮೇಲೆ ನನಗೆ ನೆನಪಿಲ್ಲ.

ಹೊಲ ಹೋದ ಮೇಲೆ ಅವಳಿಗೆ ಉಳಿದದ್ದು ಹುಳದ ಕೋಣೆ. ಇಡೀ ಜೀವವನ್ನು ಅದಕ್ಕೇ ಸುರಿದಳು. ಮೊಟ್ಟೆಯಿಂದ ಆಗತಾನೆ ಬಂದ ಎಳ್ಳುಕಾಳಿನಷ್ಟು ಹುಳಗಳನ್ನು ಅವಳು ಕೋಳಿಗರಿಯಿಂದ ಸರಿಸುವುದನ್ನು ನೋಡಲು ಅಕ್ಕಪಕ್ಕದವರು ಕಿಟಕಿಯ ಹೊರಗೆ ನಿಲ್ಲುತ್ತಿದ್ದರು. ರೇಷ್ಮೆ ಇಲಾಖೆಯಿಂದ ಒಬ್ಬರು ಸೈಕಲ್ ಮೇಲೆ ಊರೂರು ಸುತ್ತುತ್ತಿದ್ದರು. ಜನ ಅವರನ್ನು ರೇಷ್ಮೆ ಸಾಹೇಬ್ರು ಎನ್ನುತ್ತಿದ್ದರು. ಒಂದು ಸಲ ಅವರು ನಮ್ಮ ತಟ್ಟೆಗಳನ್ನು ನೋಡಿ ಹೊರಗೆ ಬಂದು ಜಗಲಿಯಲ್ಲಿ ಕೂತರು. ಕೊಳ್ಳೇಗಾಲದ ಮೊಟ್ಟೆ ಕೇಂದ್ರದಲ್ಲಿ ಕೆಲಸಕ್ಕೆ ಹೆಂಗಸರು ಬೇಕಾಗಿದ್ದಾರೆ, ಚಿಟ್ಟೆ ವಿಂಗಡಿಸುವ ಕೆಲಸ, ಇಂಥ ಕೈ ಸಿಗುವುದಿಲ್ಲ, ಬೆಳಿಗ್ಗೆ ಹೋಗಿ ಸಂಜೆ ಬರಬಹುದು ಎಂದರು. ಅವ್ವ ಬಾಗಿಲ ಹಿಂದೆ ಸೊಪ್ಪು ಹೆಚ್ಚುವ ಕತ್ತಿ ಹಿಡಿದು ನಿಂತಿದ್ದಳು. ಹೆಚ್ಚುವ ಸದ್ದು ನಿಂತಿತ್ತು.

ಅಪ್ಪ ಬಹಳ ವಿನಯದಿಂದ, "ನಮ್ಮನೆ ಎಂಗುಸ್ರು ಸಂಬ್ಳುಕ್ಕೆ ಓಗಾಕಿಲ್ಲ ಸಾ" ಎಂದ. "ನಾಳೆ ಜನ ನನ್ನ ನೋಡಿ ನಗಾಕಿಲ್ವಾ? ಎಂಡ್ತಿ ದುಡ್ದು ಸಾಕ್ತವ್ಳೆ ಅಂತ?"

ಸಾಹೇಬ್ರು ಕಾಫಿ ಕುಡಿದು ಸೈಕಲ್ ಹತ್ತಿದರು. ಬಾಗಿಲ ಹಿಂದೆ ಮತ್ತೆ ಹೆಚ್ಚುವ ಸದ್ದು ಶುರುವಾಯಿತು. ಅಂದು ಸೊಪ್ಪನ್ನು ತುಂಬ ಸಣ್ಣಗೆ ಹೆಚ್ಚಿದ್ದಳು, ನಾಲ್ಕನೇ ಜ್ವರ ಎದ್ದ ಹುಳಕ್ಕೆ ಅಷ್ಟು ಸಣ್ಣದು ಬೇಕಿರಲಿಲ್ಲ ಎಂಬುದು ನನಗೆ ಚೆನ್ನಾಗಿ ನೆನಪಿದೆ.

ನಾನು ಒಂಬತ್ತನೇ ಕ್ಲಾಸಿಗೆ ಬಂದೆ. ದಿನಾ ಎರಡು ಮೈಲಿ ನಡೆದು ಕೊಳ್ಳೇಗಾಲದ ಹೈಸ್ಕೂಲಿಗೆ ಹೋಗುತ್ತಿದ್ದೆ. ನಮ್ಮ ಬೀದಿಯಿಂದ ಅಷ್ಟು ದೂರ ಬಂದ ಹುಡುಗಿ ನಾನೊಬ್ಬಳೇ, ಅದಕ್ಕೆ ಕಾರಣ ನನ್ನ ಜಾಣತನವಲ್ಲ, ನಾನು ಇನ್ನೂ ದೊಡ್ಡವಳಾಗಿರಲಿಲ್ಲ ಅಷ್ಟೆ. ದೊಡ್ಡವಳಾದ ದಿನ ಸ್ಕೂಲು ಬಿಡಿಸಿ, ಒಸಗೆ ಮಾಡಿ, ವರ್ಷದೊಳಗೆ ಹೊನ್ನೂರಿನಲ್ಲಿದ್ದ ಅಜ್ಜಿಯ ತಮ್ಮನ ಮೊಮ್ಮಗನಿಗೆ ಕೊಡುವುದೆಂದು ಹಿರಿಯರಲ್ಲಿ ಮಾತಾಗಿತ್ತು. ಹುಡುಗ ಒಳ್ಳೆಯವನೇ. ನನ್ನ ಕೈಯಲ್ಲಿ ಕಬ್ಬು ಕೊಟ್ಟು ಓಡಿಹೋಗುತ್ತಿದ್ದ. ಆ ವರ್ಷ ಒಂದು ಬೆಳಿಗ್ಗೆ ಹಿತ್ತಿಲಿನಲ್ಲಿ ನಾನು ಹೆದರಿ ಅವ್ವನನ್ನು ಕೂಗಿದಾಗ ಅವಳು ಬಂದು ನೋಡಿದಳು, ತನ್ನ ಹಳೆಯ ಸೀರೆ ಹರಿದು ಹೇಗೆ ಕಟ್ಟಿಕೊಳ್ಳಬೇಕೆಂದು ತೋರಿಸಿದಳು, ಆಮೇಲೆ ನನ್ನ ಗಲ್ಲ ಹಿಡಿದು ಹೇಳಿದಳು:

"ಯಾರ್ಗೂ ಯೋಳ್ಬೇಡ. ನಿಮ್ಮಜ್ಜಿಗಂತೂ ಯೋಳ್ಲೇಬೇಡ. ಅತ್ತನೇ ಕ್ಲಾಸು ಮುಗೀಲಿ."

"ಉಳದ್ ಕೋಣೆಗೆ ನಾನೆಂಗವ್ವ ಓಗ್ಲಿ?"

ಅವ್ವ ಉಳಿದ ಸೀರೆಯ ತುಂಡನ್ನು ಮಡಿಸಿದಳು. "ಓಗು" ಎಂದಳು. "ಓಗ್ದೆ ಇದ್ರೆ ಗೊತ್ತಾಯ್ತದೆ."

ಅವ್ವ ಕಟ್ಟಳೆಯನ್ನು ನಂಬದವಳಾಗಿದ್ದರೆ ಇದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಅವಳು ಪೂರಾ ನಂಬಿದ್ದಳು. ಮುಟ್ಟಾದ ಕೈಯ ಸೊಪ್ಪು ತಿಂದರೆ ಹುಳ ಸಾಯುತ್ತದೆ ಎಂಬುದು ಅವಳಿಗೆ ಬೆಂಕಿ ಸುಡುತ್ತದೆ ಎಂಬಷ್ಟೇ ನಿಜ. ಹಾಗಿದ್ದೂ ನನ್ನ ಮೂರು ದಿನಗಳಲ್ಲೂ ನನ್ನನ್ನು ಒಳಗೆ ಕಳಿಸುತ್ತಿದ್ದಳು. ನಾನು ಒಳಗೆ ಹೋದಾಗ ಹೊರಗಿನ ಗೋಡೆಗೆ ಬೆನ್ನು ಕೊಟ್ಟು ಕೂತು ಹುಳ ಮೇಯುವ ಸದ್ದಿಗೆ ಕಿವಿಗೊಡುತ್ತಿದ್ದಳು. ಅವಳಿಗೆ ಪ್ರೀತಿಯಿದ್ದ ಎರಡನ್ನೂ ಒಂದೇ ಕೋಣೆಯಲ್ಲಿ ಕೂಡಿಹಾಕಿ, ಯಾವುದಕ್ಕೆ ಏನಾಗುತ್ತದೋ ಎಂದು ಕಾಯುತ್ತಿದ್ದಂತೆ ನನಗೆ ಈಗ ಅನ್ನಿಸುತ್ತದೆ. ಒಂದು ಬೆಳೆ ಬಂತು. ಇನ್ನೊಂದು ಬಂತು. ಮೂರನೆಯದರ ಗೂಡು ಕೈಯಲ್ಲಿ ಹಿಡಿದರೆ ಕಡಲೆಕಾಯಿಯಂತೆ ಗಟ್ಟಿ. ಅಜ್ಜಿ ಆಗಾಗ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಯಾಕ್ಲೇ ಇವ್ಳು ಇನ್ನೂವೆ ಆಗ್ಲಿಲ್ಲ?" ಎಂದು ಕೇಳುತ್ತಿದ್ದಳು. "ನಮ್ ಕಡೆ ಎಲ್ಲಾರೂ ತಡಾನೇ ಕಣತ್ತೆ" ಎನ್ನುತ್ತಿದ್ದಳು ಅವ್ವ, ಮುಖದ ಒಂದು ಗೆರೆಯೂ ಕದಲಿಸದೆ.

ನಾಲ್ಕನೆಯ ಬೆಳೆ ಮಳೆಗಾಲದ್ದು. ಮೇಲಿನ ಹೊಲದ ಸೊಪ್ಪು ಮುಗಿದಿತ್ತು, ತಗ್ಗಿನ ಹೊಸ ಜಮೀನಿನಲ್ಲಿ ಮಾತ್ರ ಗಿಡಗಳು ಆಳುದ್ದ ಬೆಳೆದು ನಿಂತಿದ್ದವು. ಅಪ್ಪ ನೋಡಿದವರಿಗೆಲ್ಲ ಆ ಸೊಪ್ಪನ್ನು ಹೊಗಳುತ್ತಿದ್ದ. ಮಾದಮ್ಮ ಬುಟ್ಟಿ ತಂದು ಇಳಿಸಿದಾಗ ಅವ್ವ ಒಂದು ಎಲೆ ತೆಗೆದು ಹೆಬ್ಬೆರಳಿನಿಂದ ಒತ್ತಿ, ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಹಾಕಲು ಬೇರೆ ಸೊಪ್ಪು ಇರಲಿಲ್ಲ, ಅದನ್ನೇ ಹೆಚ್ಚಲು ಕೂತಳು. ನಾಲ್ಕನೇ ಜ್ವರ ಎದ್ದು ಮೂರು ದಿನಕ್ಕೆ ಹುಳಗಳು ಮೇವು ಬಿಟ್ಟು ತಟ್ಟೆಯ ಅಂಚಿಗೆ ಹರಿದುಬಂದವು. ಮೈ ಊದಿ, ಹಳದಿಯಾಗಿ, ಮಿರಮಿರ ಮಿಂಚುತ್ತಿದ್ದವು. ಮುಟ್ಟಿದರೆ ಚರ್ಮ ಒಡೆದು ಹಾಲಿನಂಥ ನೀರು. ಹಾಲುತೊಂಡೆ ಎನ್ನುತ್ತಾರೆ ಆ ರೋಗಕ್ಕೆ. ಎರಡೇ ದಿನದಲ್ಲಿ ಕೋಣೆ ನಾತ ಹೊಡೆಯಿತು. ಅಪ್ಪ ಹಿತ್ತಿಲಿನಲ್ಲಿ ಗುಂಡಿ ತೋಡಿ ತಟ್ಟೆತಟ್ಟೆಯನ್ನೇ ತಂದು ಸುರಿದು ಮಣ್ಣೆಳೆದ.

"ಯಾರೋ ಒರ್ಗಾದೋರು ಒಳಿಕ್ ಓಗವ್ರೆ" ಎಂದಳು ಅಜ್ಜಿ. ಕಣ್ಣು ಮಂಜಾಗಿದ್ದರೂ ಹಿತ್ತಿಲನ್ನೆಲ್ಲ ಕೋಲಿನಲ್ಲಿ ತಡಕಿ ಹುಡುಕಿದಳು. ಹುಲ್ಲಿನ ಮೆದೆಯ ಹಿಂದೆ, ನಾನು ಒಣಗಲು ಹಾಕಿದ್ದ ಬಟ್ಟೆ ಅವಳ ಕೋಲಿಗೆ ಸಿಕ್ಕಿತು. ಅದನ್ನು ಕೋಲಿನ ತುದಿಯಲ್ಲಿ ಎತ್ತಿಕೊಂಡು ಅಂಗಳಕ್ಕೆ ಬಂದಳು. ಅಪ್ಪ ಜಗಲಿಯಲ್ಲಿದ್ದ, ಅವ್ವ ಬಾಗಿಲಲ್ಲಿ. ನಾನು ಪುಸ್ತಕದ ಚೀಲ ಹೆಗಲಿಗೆ ಹಾಕಿಕೊಂಡು ಸ್ಕೂಲಿಗೆ ಹೊರಟು ನಿಂತಿದ್ದೆ.

"ಇದ್ಯಾರ್ದು?"

ಅವ್ವನ ಮೂರು ದಿನ ಮುಗಿದು ಹತ್ತು ದಿನವಾಗಿತ್ತು. ಬೀಗದ ಕೈ ಅವಳ ಸೊಂಟದಲ್ಲಿತ್ತು, ಎಲ್ಲರೂ ನೋಡಿದ್ದರು. ಅಜ್ಜಿಯ ಮಂಜುಗಣ್ಣು ನಿಧಾನವಾಗಿ ನನ್ನ ಕಡೆ ತಿರುಗಿತು. 

"ನಂದೇ ಕಣತ್ತೆ" ಎಂದಳು ಅವ್ವ. "ಈ ತಿಂಗ್ಳು ಎಲ್ಡ್ ಸಲ ಆಯ್ತು. ಯೋಳ್ಳಿಲ್ಲ. ಆದ್ರೂ ಒಳಿಕ್ಕೋದೆ."

ಅಪ್ಪ ಎದ್ದು ನಿಂತ. ಕೈಯೆತ್ತುತ್ತಾನೆ ಅಂದುಕೊಂಡೆ. ಎತ್ತಲಿಲ್ಲ. ಅವ್ವನನ್ನೇ ನೋಡಿ, "ನೀನು ಇಂಗ್ ಮಾಡ್ತೀಯ ಅಂದ್ಕಂಡಿರ್ಲಿಲ್ಲ" ಎಂದು ಮಾತ್ರ ಹೇಳಿ ಬೀದಿಗೆ ಹೋದ. ಅಜ್ಜಿ ಕೋಲು ಬಿಸಾಕಿ ಅಂಗೈ ಚಾಚಿದಳು. ಅವ್ವ ಸೊಂಟದಿಂದ ಬೀಗದ ಕೈ ಬಿಚ್ಚಿದಳು. ಗಂಟು ಬಿಗಿದುಕೊಂಡಿತ್ತು, ಹಲ್ಲಿನಿಂದ ಕಚ್ಚಿ ಬಿಡಿಸಬೇಕಾಯಿತು. ಅದನ್ನು ಅಜ್ಜಿಯ ಕೈಗೆ ಹಾಕಿ ನನ್ನ ಕಡೆ ತಿರುಗಿ, "ಒತ್ತಾಯ್ತು, ಸ್ಕೂಲ್‌ಗೋಗು" ಎಂದಳು. ನಾನು ಹೋದೆ. ನನಗೆ ಇವತ್ತಿಗೂ ನಾಚಿಕೆ ಹುಟ್ಟಿಸುವುದು ಸುಮ್ಮನೆ ನಿಂತದ್ದಲ್ಲ. ಊರ ಗಡಿ ದಾಟುವಾಗ ನನಗಾದದ್ದು ದುಃಖವಲ್ಲ, ಬಿಡುಗಡೆ.

ಅಂದಿನಿಂದ ಅವ್ವ ಹುಳದ ಕೋಣೆಗೆ ಹೋಗಲಿಲ್ಲ. ಅಪ್ಪ ಹನೂರಿನ ಕಡೆಯಿಂದ ಒಬ್ಬ ಗಂಡಾಳನ್ನು ತಂದು ಇಟ್ಟ. ಅವನು ತಟ್ಟೆ ಬದಲಿಸುತ್ತಿದ್ದ, ಸೊಪ್ಪು ಹಾಕುತ್ತಿದ್ದ, ಮಧ್ಯಾಹ್ನ ಬೆನ್ನು ನೋವೆಂದು ಜಗಲಿಯಲ್ಲಿ ಉರುಳುತ್ತಿದ್ದ. ಅವನಿಗೆ ದೊಡ್ಡ ಮುದ್ದೆ ಹಾಕಬೇಕು, ಪಾಪ ದುಡಿಯುವ ಗಂಡು ಎಂದು ಅಜ್ಜಿ ಹೇಳುತ್ತಿದ್ದಳು. ಅದೇ ಕೆಲಸವನ್ನು ಅಷ್ಟು ವರ್ಷ ಮಾಡಿದ ಅವ್ವನ ಮುದ್ದೆ ಯಾವತ್ತೂ ದೊಡ್ಡದಾಗಿರಲಿಲ್ಲ. ಅವ್ವ ತಿಕ್ಕಿದ ಚೆಂಬನ್ನೇ ಮತ್ತೆ ತಿಕ್ಕುತ್ತಿದ್ದಳು. ಮಧ್ಯಾಹ್ನ ಆ ಕೋಣೆಯ ಹೊರಗೋಡೆಗೆ ಬೆನ್ನು ಕೊಟ್ಟು ಕೂರುವುದನ್ನು ಮಾತ್ರ ಬಿಡಲಿಲ್ಲ. ಒಳಗೆ ಸೊಪ್ಪು ಕಡಿಮೆಯಾದರೆ ಸದ್ದಿನಿಂದಲೇ ತಿಳಿದು, ಗೋಡೆಗೆ ಹೇಳುವಂತೆ, "ಮೂರ್ನೇ ತಟ್ಟೆ ಅಸ್ಕೊಂಡವೆ" ಎನ್ನುತ್ತಿದ್ದಳು. ಆಳು ಎದ್ದರೆ ಎದ್ದ, ಇಲ್ಲದಿದ್ದರೆ ಇಲ್ಲ.

ನಾನು ಎಸ್ಸೆಸ್ಸೆಲ್ಸಿ ಪಾಸಾದ ವಾರ ಅವ್ವ ನಾನು ದೊಡ್ಡವಳಾದೆ ಎಂದು ಮನೆಯಲ್ಲಿ ಪ್ರಕಟಿಸಿದಳು. ಒಂದೂವರೆ ವರ್ಷ ತಡವಾಗಿ ನನಗೆ ಒಸಗೆ ನಡೆಯಿತು, ಹೆಂಗಸರು ಚಿಗಳಿ, ಕೊಬ್ಬರಿ ತಿನ್ನಿಸಿದರು, ನಾನು ಅರಿಯದವಳಂತೆ ತಲೆ ತಗ್ಗಿಸಿ ಕೂತಿದ್ದೆ. ಹೊನ್ನೂರಿನ ಹುಡುಗನಿಗೆ ಕಾದು ಸಾಕಾಗಿ ಬೇರೆ ಕಡೆ ಮದುವೆಯಾಗಿತ್ತು. ಅದೇ ರೇಷ್ಮೆ ಸಾಹೇಬ್ರು ನನ್ನನ್ನು ಮೊಟ್ಟೆ ಕೇಂದ್ರಕ್ಕೆ ತೆಗೆದುಕೊಂಡರು. ಅಪ್ಪ ಈ ಸಲ ಬೇಡವೆನ್ನಲಿಲ್ಲ. ಕುರ್ಚಿಯ ಮೇಲೆ ಕೂತು, ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆಯುವ ಸರ್ಕಾರಿ ಕೆಲಸ ಅದು. ಕೂಲಿಯಿಂದ ಮಾನ ಹೋಗುತ್ತಿತ್ತು, ಕುರ್ಚಿಯಿಂದ ಹೋಗುತ್ತಿರಲಿಲ್ಲ. ಊರಿನಲ್ಲಿ ಅವನು ಹೆಮ್ಮೆಯಿಂದಲೇ, "ನಮ್ ಕೂಸು ಆಪೀಸ್ಗೋಯ್ತದೆ" ಎನ್ನುತ್ತಿದ್ದ. ಕೇಂದ್ರದಲ್ಲಿ ಇಪ್ಪತ್ತು ಮೂವತ್ತು ಹೆಂಗಸರು ದಿನವೆಲ್ಲ ಗೂಡು, ಚಿಟ್ಟೆ, ಮೊಟ್ಟೆಗಳ ನಡುವೆ ಓಡಾಡುತ್ತಿದ್ದರು. ಯಾರು ಯಾವ ದಿನ ಹೇಗಿದ್ದಾರೆ ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಮೊಟ್ಟೆಗಳಿಗೆ ಏನೂ ಆಗುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ ನನಗೆ ಅದೇ ದೊಡ್ಡ ಆಶ್ಚರ್ಯ.

ಕೆಲವು ವರ್ಷಗಳ ಮೇಲೆ ನಮ್ಮನ್ನು ತರಬೇತಿಗೆ ಕೂರಿಸಿದರು. ಹಾಲುತೊಂಡೆಯ ಪಾಠ ಬಂತು. ನೀರು ನಿಲ್ಲುವ ತಗ್ಗಿನಲ್ಲಿ ಬೆಳೆದ, ನೀರು ಕುಡಿದು ಕೊಬ್ಬಿದ ಎಳೆ ಸೊಪ್ಪು ಹಾಕಿದರೆ ಹುಳ ಈ ರೋಗಕ್ಕೆ ಬೇಗ ತುತ್ತಾಗುತ್ತದೆ, ಮಳೆಗಾಲದಲ್ಲಿ ಹೆಚ್ಚು ಎಂದು ಬೋರ್ಡಿನ ಮೇಲೆ ಬರೆದರು.  ಸಂಜೆ ಎರಡು ಮೈಲಿಯನ್ನು ಓಡುವಂತೆ ನಡೆದು ಮನೆಗೆ ಬಂದೆ. ಅಜ್ಜಿ ತೀರಿಕೊಂಡಿದ್ದಳು. ಅವ್ವ ಹಿತ್ತಿಲ ಕಲ್ಲಿನ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಏದುಸಿರಿನಲ್ಲೇ ಹೇಳಿದೆ: ಅದು ನಮ್ಮಿಂದ ಆದದ್ದಲ್ಲ, ನನ್ನಿಂದಲೂ ಅಲ್ಲ, ನಿನ್ನಿಂದಲೂ ಅಲ್ಲ, ತಗ್ಗಿನ ಸೊಪ್ಪಿನಿಂದ.

ಅವ್ವ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ನಂಗೊತ್ತಿತ್ತು ಕಣಮ್ಮಿ. ಸೊಪ್ಪು ಮುಟ್ಟುದ್ರೆ ಗೊತ್ತಾಗಾಕಿಲ್ವಾ? ನಾನೇ ಒಲಕ್ಕೋಗಿದ್ರೆ ಅದ್ನ ಕುಯ್ತಾನೇ ಇರ್ಲಿಲ್ಲ."

"ಮತ್ಯಾಕವ್ವ ಯೋಳ್ಳಿಲ್ಲ? ಸೊಪ್ಪು ಅಂತ ಅಂದಿದ್ರೆ..."

"ಸೊಪ್ಪು ಅಂದಿದ್ರೆ ಸೊಪ್ಪಿನ ಮಾತು ಮುಗೀತಿತ್ತು. ಬಟ್ಟೆ ಯಾರ್ದು ಅಂತ ಅಜ್ಜಿ ಕೇಳೋದು ಬುಡ್ತಿದ್ಲಾ?"

 ಗೊತ್ತಿದ್ದೂ, ತನ್ನ ತಪ್ಪಿಲ್ಲವೆಂದು ಗೊತ್ತಿದ್ದೂ, ಅವಳು ಹಲ್ಲಿನಿಂದ ಆ ಗಂಟು ಬಿಚ್ಚಿ ಕೊಟ್ಟಿದ್ದಳು. ಪಕ್ಕದಲ್ಲಿ ಕೂತು ನಾನೂ ಕಾಯಿ ಸುಲಿಯತೊಡಗಿದೆ. ಬಹಳ ಹೊತ್ತಾದ ಮೇಲೆ ಅವ್ವ, ನನ್ನನ್ನು ನೋಡದೆ, ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡುತ್ತ ಕೇಳಿದಳು:

"ಆವತ್ತು ಸಾಹೇಬ್ರು ಕರ್ದಿದ್ರಲ್ಲ. ಈಗ್ ಕೇಳುದ್ರೆ ಕೊಟ್ಟಾರಾ?"

ಚಿಟ್ಟೆ ವಿಂಗಡಿಸಲು ದಿನಗೂಲಿಗೆ ಬರುವ ಹೆಂಗಸರನ್ನು ಆಗ ನಾವೇ ಗೊತ್ತು ಮಾಡುತ್ತಿದ್ದೆವು. "ಕೊಡ್ತರೆ" ಎಂದೆ.

ಸೋಮವಾರ ಬೆಳಿಗ್ಗೆ ನಾನು ತಲೆ ಬಾಚಿ ಹೊರಗೆ ಬರುವಷ್ಟರಲ್ಲಿ ಅವ್ವ ಅಂಗಳದಲ್ಲಿ ನಿಂತಿದ್ದಳು. ಪೆಟ್ಟಿಗೆಯಲ್ಲಿ ಮಡಿಸಿಟ್ಟ ಅಂಚಿನ ಸೀರೆ ಉಟ್ಟಿದ್ದಳು, ಕೈಯಲ್ಲಿ ಬುತ್ತಿಯ ಡಬ್ಬಿ. ಅಪ್ಪ ಜಗಲಿಯಲ್ಲಿ ಕೂತಿದ್ದ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಅವನು ಅದನ್ನು ಯಾವತ್ತೂ ಮೀರಿದವನಲ್ಲ. ಸೀರೆ ನೋಡಿದ, ಡಬ್ಬಿ ನೋಡಿದ.

"ದೂರಾನಾ?" ಎಂದ.

"ಇಲ್ಲ, ಅತ್ರಾನೇ" ಎಂದಳು ಅವ್ವ. "ಕೆಲ್ಸುಕ್ಕೆ."

 ಅಪ್ಪ ದಾರಿಗೆ ಅಡ್ಡವಾಗಿ ಚಾಚಿದ್ದ ಕಾಲನ್ನು ಒಳಗೆ ಎಳೆದುಕೊಂಡ. ಅವ್ವ ನನಗಿಂತ ಮುಂದೆ, ಅಜ್ಜೀಪುರದ ಹೆಂಗಸರು ನಡೆಯುವ ಹಾಗೆ ಕೈ ಬೀಸಿಕೊಂಡು ನಡೆದಳು. ಊರ ಗಡಿಯಲ್ಲಿ ಬುಟ್ಟಿ ಹೊತ್ತು ಎದುರಾದ ಮಾದಮ್ಮ ಅವಳನ್ನು ನೋಡಿ ನಿಂತು, ಏನೋ ಪೋಲಿ ಮಾತಾಡಿದಳು. ಅವ್ವ ಡಬ್ಬಿಯನ್ನು ರಸ್ತೆಯ ಮೇಲೇ ಇಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು.